ರೊಟ್ಟಿ ಮುರಿಯದ ಈಸ್ಟರ್

ನಮ್ಮ ಕಾಫಿ ಸೀಮೆಯ ಕ್ರೈಸ್ತ ಸಭೆಗಳಲ್ಲಿ ಆರಾಧನೆಯನ್ನು ಅಂದಗಾಣಿಸಿದವರು ಹಲವರು. ಅದನ್ನು ಮರಳಿ ನಿಜವಾಗಿಸಿದವರೆಂದು ನಿಸ್ಸಂಕೋಚವಾಗಿ ಹೇಳಬಹುದಾದವರು, ಈಗ ನಿವೃತ್ತರಾಗುತ್ತಿರುವ ರೆವರೆಂಡ್ ಜಯಶೀಲ ಕರ್ಕಡರು. ೧೯೯೪ರಲ್ಲಿ ಬಾಳೂರಿಗೆ ಸಭಾಪಾಲಕರಾಗಿ, ಸಭೆಯವರ ಬಾಯಲ್ಲಿ ‘ಅಯ್ಯನವರಾಗಿ’, ಬಂದಾಗ ಅವರಿಗೂ ಅಂದವೇ ಬೇಕಿತ್ತು. ಗಾಯನ ವೃಂದ, ಬಿಳಿ ಸಮವಸ್ತ್ರ, ಧ್ವನಿವರ್ಧಕ ಎಲ್ಲ ಬಂದವು. ಗೋಣಿಬೀಡಿನಿಂದಲೂ ಜನ ಜೀಪು ಹತ್ತಿ ಬಂದು ಮೆಚ್ಚಿದರು. ಅಯ್ಯನವರು ಉಬ್ಬಿದರು, ಉಬ್ಬದಿರಲು ಅವರೇನು ಕಲ್ಲೇ?

೧೯೯೮ರ ಕ್ರಿಸ್‌ಮಸ್ ಹತ್ತಿರವಿದ್ದಾಗ, ಎಸ್ಟೇಟ್ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿ ದಾನಿಯೇಲ ಮೇಸ್ತ್ರಿಗೆ ಕಡೆಗಾಲ, ಪ್ರಾರ್ಥನೆಗೆ ಬರಬೇಕೆಂದು ಅವರ ಪತ್ನಿ ವಿಮಲಮ್ಮ ಹೇಳಿಕಳಿಸಿದರು. "ಹಾಡಿನ ಅಭ್ಯಾಸ ಮುಗಿಸಿ ಬರ್ತೀನಿ" ಎಂದರು ಅಯ್ಯನವರು. ಹೋಗುವಷ್ಟರಲ್ಲಿ ಮೇಸ್ತ್ರಿ ತೀರಿಕೊಂಡಿದ್ದರು. ಅಂದಿನಿಂದ ವಿಮಲಮ್ಮ ತಪ್ಪದೆ ಆರಾಧನೆಗೆ ಬರುವರು, ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಹೊತ್ತಿಗೆ ಎದ್ದುಹೋಗುವರು. ರೊಟ್ಟಿ ಕೈಗೆತ್ತಿಕೊಂಡಾಗಲೆಲ್ಲ ತಮ್ಮ ಪ್ರಾರ್ಥನೆ ಬರಿಯ ಬಾಯಿಪಾಠವೆನಿಸಿ ಅಯ್ಯನವರು ಒಳಗೊಳಗೇ ಬೇಯುತ್ತಿದ್ದರು.

ಮರುವರ್ಷದ ಈಸ್ಟರ್ ದಿನ, ಆಕೆ ಏಳುತ್ತಿದ್ದಂತೆ ಅವರು ವೇದಿಕೆಯಿಂದಿಳಿದು, ತುಂಬಿದ ಸಭೆಯ ನಡುವೆ ಕೈಮುಗಿದು ನಿಂತರು.

"ವಿಮಲಮ್ಮ, ನನ್ನಿಂದ ತಪ್ಪಾಯ್ತು. ಕ್ಷಮಿಸಿ."

"ಅವ್ರು ಬಾಗಿಲು ನೋಡ್ತಾ ನೋಡ್ತಾನೇ ಹೋದ್ರು ಅಯ್ಯಾ. ನಾನು ಹೆಂಗೆ ಕ್ಷಮಿಸ್ಲಿ?" ಎಂದು ಆಕೆ ಹೊರನಡೆದರು.

ಅಯ್ಯನವರು ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದರು. ಆಕೆಯೊಡನೆ ಸಮಾಧಾನವಾಗದೆ ಈ ಕೈಯಿಂದ ಇದನ್ನು ಮುರಿಯಲಾರೆ ಎಂದರು. "ಹಬ್ಬದ ದಿನ ಇದೇನು ಅಯ್ಯನೋರೆ! ಬಿಷಪ್ಪರಿಗೆ ಬರೀತೀನಿ" ಎಂದು ಸಭೆಯ ಕಾರ್ಯದರ್ಶಿ ಪ್ರೇಮಕುಮಾರಿಯವರು ಗುಡುಗಿದರು, ಬರೆದೂ ಬಿಟ್ಟರು. ವರ್ಗವಾಗುವ ಸುದ್ದಿ ಹಬ್ಬಿದರೂ ಅಯ್ಯನವರು ಜಗ್ಗಲಿಲ್ಲ. ಪ್ರತಿ ಸಲವೂ ರೊಟ್ಟಿ ಮುಚ್ಚಿದ್ದಂತೆಯೇ ಉಳಿಯುತ್ತಿತ್ತು, ಆ ಹೊತ್ತಿಗೆ ವಿಮಲಮ್ಮ ಎದ್ದುಹೋಗುತ್ತಲೇ ಇದ್ದರು. ಮಳೆಗಾಲವಿಡೀ ಲೈನಿಗೆ ನಡೆದುಹೋಗಿ, ವಿಮಲಮ್ಮನ ಜಗಲಿಯಲ್ಲಿ ಉಪದೇಶದ ಒಂದು ಮಾತೂ ಆಡದೆ ಕೂತು ಬರುತ್ತಿದ್ದರು. ಇದನ್ನು ಕಂಡು, ತಮ್ಮತಮ್ಮಲ್ಲಿ ಜಗಳವಾಡಿ ಮಾತು ಬಿಟ್ಟಿದ್ದ ಸಭೆಯವರು ಒಬ್ಬರ ಮನೆಗೊಬ್ಬರು ಹೋಗತೊಡಗಿದರು. ಕಡೆಗೆ ಪ್ರೇಮಕುಮಾರಿಯವರೇ ಓರಗಿತ್ತಿಯ ಮನೆಯಲ್ಲಿ ಕಾಫಿ ಕುಡಿದು ಬಂದರೆಂದರೆ ಕೇಳಬೇಕೆ!

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ, ಒಂದು ಭಾನುವಾರ, ವಿಮಲಮ್ಮ ಎದ್ದುಹೋಗಲಿಲ್ಲ. ಮುಂದೆ ಬಂದು ಕೈಯೊಡ್ಡಿದರು. ಅಯ್ಯನವರು ರೊಟ್ಟಿ ಮುರಿದು ಕೊಡುತ್ತಾ ಅತ್ತುಬಿಟ್ಟರು. ಅಂದು ಗಾಯನ ವೃಂದಕ್ಕಾಗಿ ಯಾರೂ ಕಾಯಲಿಲ್ಲ, ಸಭೆಯೆಲ್ಲ ತಾನಾಗಿಯೇ ಹಾಡಿತು.

ಅಯ್ಯನವರ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕಾಗಿ ಶುಭಕೋರಿಕೆಗಳನ್ನು ಕೂಡಿಸುವಾಗ ವಿಮಲಮ್ಮನವರನ್ನೂ ಕೇಳಲಾಯಿತು. ವಯಸ್ಸಿನಿಂದ ಹಾಸಿಗೆ ಹಿಡಿದಿರುವ ಅವರು ಹೇಳಿದ್ದಕ್ಕಿಂತ ಮಿಗಿಲಾದ ಹಾರೈಕೆ ನಮಗಾರಿಗೂ ತೋಚಲಿಲ್ಲ:

"ಅಯ್ಯನೋರು ನೂರು ವರ್ಷ ಬಾಳ್ಲಿ. ರಿಟೈರ್ ಆದ್ರೆ ಆಗ್ಲಿ, ನಾನು ಹೋಗೋವಾಗ ಅವ್ರೇ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡ್ಬೇಕು."