ಪೂಜೆಗಿಟ್ಟ ಪುಸ್ತಕ

"ಕೇಳ್ತಿಲ್ಲೆ! ಇನ್ನೂ ದೊಡ್ಡಕ್ಕೆ ಓದೇ ಕೂಸೆ!"

ಅತ್ತಿಗೆ ಕೋಣೆಯ ಒಳಗಿನಿಂದ ಹೇಳಿದಳು. ಕೂಸು ಹೊಸ್ತಿಲಿನ ಹೊರಗೆ ಚಕ್ಕಳಮಕ್ಕಳ ಹಾಕಿ ಕುಳಿತಿತ್ತು. ಸಾಲಿನ ಮೇಲೆ ಬೆರಳಿಟ್ಟು ಕಿರುಚಿತು. "ಮು-ದು-ಕಿ-ಯ ಮೇ-ಕೆ!" ಪಕ್ಕದ ಮನೆಯ ನಾಯಿ ಬೊಗಳಿತು. ಅತ್ತಿಗೆ, "ಹಾಂ, ಈಗ ಕೇಳ್ತು" ಅಂದಳು.

ಕೂಸು ಅಂದರೆ ನನ್ನ ಅಣ್ಣನ ಮಗಳು. ಆ ವರ್ಷ ಶಾಲೆಗೆ ಸೇರಿತ್ತು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಊರು ಕೋಲಸಿರ್ಸಿ. ಅಣ್ಣ ಯಲ್ಲಾಪುರದ ಕಡೆ ಕಾಡಿನಲ್ಲಿ ಮರ ಕಡಿಯುವವರಿಗೆ ಅಡಿಗೆ ಮಾಡಿ ಹಾಕುತ್ತಿದ್ದ. ಯಾವಾಗಲೋ ಒಮ್ಮೆ ಲಾರಿ ಹತ್ತಿ ಮನೆಗೆ ಬರುತ್ತಿದ್ದ. ನಾನು ಸಿದ್ದಾಪುರದ ಒಂದು ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದೆ. ಬೆಳಿಗ್ಗೆ ನಡೆದು ಹೋಗುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ನಡೆದು ಬರುವುದು. ಮನೆಯಲ್ಲಿ ನಮ್ಮಮ್ಮ, ಅತ್ತಿಗೆ, ಕೂಸು.

ಅತ್ತಿಗೆಗೆ ಕ್ಷಯ. ಕೂಸನ್ನು ಹತ್ತಿರ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಜಗುಲಿ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದೆವು. ಕೂಸು ಹೊಸ್ತಿಲು ದಾಟುವ ಹಾಗಿಲ್ಲ. ತಾಯಿ ಮಗಳ ತಲೆ ಬಾಚುವ ಹಾಗಿಲ್ಲ, ಮಗಳು ತಾಯಿಯ ಜೊತೆ ಮಲಗುವ ಹಾಗಿಲ್ಲ. ಉಳಿದದ್ದು ಇದೊಂದೇ. ಮಗಳು ಹೊರಗೆ ಕುಳಿತು ಓದುವುದು, ತಾಯಿ ಒಳಗೆ ಮಲಗಿ ಕೇಳುವುದು.

ನಡುವೆ ಕುಳಿತು ತಪ್ಪು ತಿದ್ದುವವನು ನಾನು. ನಾನು ಓದಿದ್ದು ಎರಡನೆತ್ತೆ, ಅಂದರೆ ಎರಡನೇ ತರಗತಿಯ ತನಕ. ಒತ್ತಕ್ಷರ ಬಂದರೆ ನಾನೂ ತಡವರಿಸುತ್ತಿದ್ದೆ. ಕೂಸಿಗೆ ಅದು ಬೇಗ ಗೊತ್ತಾಯಿತು.

"ಅಪ್ಪಚ್ಚಿ, ಇದು ಎಂತ?"

"ಮುಂದಿಂದು ಓದು. ಆಮೇಲೆ ಹೇಳ್ತೆ."

"ನಿಂಗೆ ಬತ್ತಿಲ್ಲೆ! ಆಯೀ, ಅಪ್ಪಚ್ಚಿಗೂ ಬತ್ತಿಲ್ಲೆ!"

ಒಳಗೆ ಅತ್ತಿಗೆ ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವ ತನಕ ನಾವಿಬ್ಬರೂ ಪುಸ್ತಕ ನೋಡುತ್ತಾ ಕುಳಿತಿರುತ್ತಿದ್ದೆವು.

ಶಾಲೆಯಲ್ಲೂ ಕೂಸು ಹೀಗೇ ಕಿರುಚುತ್ತಿತ್ತಂತೆ. ಮಾಸ್ತರು ಒಂದು ದಿನ ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. "ನಿಮ್ಮ ಹುಡುಗಿ ಪಾಠ ಓದ್ತದೋ, ಹರಾಜು ಕೂಗ್ತದೋ ಮಾರಾಯ? ಮನೇಲಿ ಯಾರಿಗಾದ್ರೂ ಕಿವಿ ಕೇಳೂದಿಲ್ವಾ?" ಅಂದರು. ಎಲ್ಲರಿಗೂ ಕೇಳ್ತದೆ ಅಂದೆ. ಅತ್ತಿಗೆಯ ಕಾಯಿಲೆ ಹೇಳಲಿಲ್ಲ. ಹೇಳಿದರೆ ಕೂಸನ್ನು ತರಗತಿಯಲ್ಲಿ ಒಂದು ಮೂಲೆಗೆ ಕೂರಿಸುತ್ತಾರೆ.

ಅತ್ತಿಗೆಗೆ ಒಂದಕ್ಷರವೂ ಬರುತ್ತಿರಲಿಲ್ಲ. ಹಾಗಾಗಿ ಅವಳಿಗೆ ಅಕ್ಷರದ ತಪ್ಪು ಲೆಕ್ಕಕ್ಕಿಲ್ಲ, ಕತೆ ಬೇಕು. ಆ ಪಾಠದಲ್ಲಿ ಒಬ್ಬ ಮುದುಕಿಯ ಮೇಕೆ ತಪ್ಪಿಸಿಕೊಳ್ಳುತ್ತದೆ. ಮುದುಕಿ ಬಾವಿಯ ಹತ್ತಿರ ಇದ್ದವರನ್ನು ಕೇಳುತ್ತಾಳೆ, ಗಾಡಿಯವನನ್ನು ಕೇಳುತ್ತಾಳೆ. ಕೂಸು ಶಾಲೆಯವರಿಗಿಂತ ಮುಂದೆ ಹೋಗಿತ್ತು. ಆದರೂ ದಿನಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಸಾಗುತ್ತಿರಲಿಲ್ಲ.

"ಹುಲಿ ಹಿಡದಿಕ್ಕು" ಅಂದಳು ಅತ್ತಿಗೆ.

"ಚಿತ್ರದಲ್ಲಿ ಹುಲಿ ಇಲ್ಲೆ ಆಯಿ."

"ಹುಲಿ ಚಿತ್ರ ಬರೆಯವ್ನ ಎದುರಿಗೆ ಬಂದು ನಿಂತ್ಕತ್ತಾ?"

ಕೂಸಿಗೆ ಅದು ಹೌದು ಅನ್ನಿಸಿತು. ಪುಟ ತಿರುವಿ ನೋಡಲು ಹೋಯಿತು. ಅತ್ತಿಗೆ ಬಿಡಲಿಲ್ಲ. "ಕಳ್ಳಿ, ಮುಂದೆ ನೋಡಲಾಗ. ಇಬ್ರೂ ಒಟ್ಟಿಗೇ ಹೋಪನ." ನನಗೂ ತಾಕೀತು ಮಾಡಿದಳು. "ತಮ್ಮಾ, ನೀನೂ ನೋಡಿ ಹೇಳಲಾಗ. ಆ ಪಾಠ ಪೂರ್ತಿ ಎನ್ನ ಮಗಳ ಬಾಯಲ್ಲೇ ಕೇಳವು." ಅಷ್ಟು ಹೊತ್ತಿಗೆ ಅವಳಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಬೇರೆ ಯಾವುದನ್ನೂ ಬೇಕು ಎನ್ನುತ್ತಿರಲಿಲ್ಲ. ಗಂಜಿಯನ್ನೂ ಬೇಡ ಅನ್ನುತ್ತಿದ್ದಳು. ಇದೊಂದು ಬೇಕು.

ನವರಾತ್ರಿ ಬಂತು. ನಮ್ಮಲ್ಲಿ ಆ ದಿನಗಳಲ್ಲಿ ಪುಸ್ತಕ, ಪಾಟಿ ಎಲ್ಲ ಮಣೆಯ ಮೇಲೆ ಜೋಡಿಸಿ ಶಾರದೆ ಎಂದು ಪೂಜೆ ಮಾಡುತ್ತಾರೆ. ಇಟ್ಟ ಮೇಲೆ ದಶಮಿಯ ದಿನ ಇಳಿಸುವ ತನಕ ಯಾರೂ ಓದುವ ಹಾಗಿಲ್ಲ. ಇಳಿಸಿದ ದಿನ ಎಲ್ಲರೂ ಒಂದಿಷ್ಟಾದರೂ ಓದಲೇಬೇಕು. ಅಮ್ಮ ಕೂಸಿನ ಪುಸ್ತಕ ಇಸಿದುಕೊಂಡು ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದಳು. ಮುದುಕಿ ಗಾಡಿಯವನನ್ನು ಕೇಳಿಯಾಗಿತ್ತು. ಅವನು ಏನು ಹೇಳಿದ ಎಂಬುದು ಮುಂದಿನ ಸಾಲು.

ಆ ಸಂಜೆ ಅತ್ತಿಗೆಗೆ ಉಸಿರು ಮೇಲೆ ಕೆಳಗೆ ಆಯಿತು. ನಾನು ಹೋಗಿ ಡಾಕ್ಟರನ್ನು ಕರೆತಂದೆ. ಅವರು ಸೂಜಿ ಚುಚ್ಚಿದರು. ಅಂಗಳಕ್ಕೆ ಬಂದ ಮೇಲೆ, ಅಣ್ಣನಿಗೆ ಹೇಳಿಕಳಿಸು ಅಂದರು. ಲಾರಿಯವನೊಬ್ಬನ ಹತ್ತಿರ ಹೇಳಿಕಳಿಸಿದೆ.

ಮರುದಿನ ಕೂಸು ಖಾಲಿ ಕೈಯಲ್ಲಿ ಹೊಸ್ತಿಲ ಹತ್ತಿರ ಕುಳಿತಿತ್ತು. "ಆಯಿ, ಮುಂದಿನ ಕತೆ ಆನೇ ಕಟ್ಟಿ ಹೇಳ್ಲಾ?" ಎಂದು ಕೇಳಿತು. ಅತ್ತಿಗೆ ಬೇಡ ಎಂದು ಕೈ ಆಡಿಸಿದಳು. ಮಗಳು ತಾನೇ ಕಟ್ಟಿದ್ದಲ್ಲ, ಪುಸ್ತಕದಲ್ಲಿ ಇದ್ದದ್ದೇ ಬೇಕು.

ನನಗೆ ತಡೆಯಲಾಗಲಿಲ್ಲ. ದೇವರ ಕೋಣೆಗೆ ಹೋದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಂತಕ್ಕೆ ಬಂದೆ?"

"ಪುಸ್ತಕ ಬೇಕು. ಅತ್ತಿಗೆ ಹೆಚ್ಚು ದಿನ ಇಲ್ಲೆ. ನಿಂಗೂ ಗೊತ್ತಿದ್ದು."

"ಪೂಜೆಗಿಟ್ಟಿದ್ದು ಮುಟ್ಟಿರೆ ವಿದ್ಯೆ ಹತ್ತತಿಲ್ಲೆ. ನೀನೇ ಸಾಕ್ಷಿ. ಸಣ್ಣಕ್ಕಿದ್ದಾಗ ಮಣೆ ಮೇಲಿನ ಪಾಟಿ ತೆಗದು ಅಂಗಳದಲ್ಲಿ ಆಟ ಆಡ್ದೆ. ಎಂತಾತು? ಎರಡನೆತ್ತೆಗೆ ಶಾಲೆ ಮುಗತ್ತು. ಈಗ ಕಂಡವ್ರ ಹಿಟ್ಟು ರುಬ್ಬತಾ ಇದ್ದೆ."

"ಅಪ್ಪ ಸತ್ತಿದ್ದಕ್ಕೆ ಶಾಲೆ ಬಿಟ್ಟಿದ್ದು. ಪಾಟಿಯಿಂದ ಅಲ್ಲ."

"ಅದೂ ಅದೇ ವರ್ಷವೇಯ" ಅಂದಳು ಅಮ್ಮ.

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಬೇರೆ ಯಾರದ್ದಾದರೂ ಪುಸ್ತಕ ತರುತ್ತೇನೆ ಅಂದೆ. ಯಾರ ಪುಸ್ತಕವಾದರೂ ಅಷ್ಟೆ, ದಶಮಿಯ ತನಕ ಕೂಸು ಓದುವ ಹಾಗಿಲ್ಲ ಅಂದಳು. ನಾನು ಅವಳನ್ನು ಸರಿಸಿ ಒಳಗೆ ಹೋಗಬಹುದಿತ್ತು. ಹೋಗಲು ಕಾಲು ಎತ್ತಿದ್ದೆ. ಅಷ್ಟರಲ್ಲಿ ಅತ್ತಿಗೆ ಕರೆದಳು. ಅವಳಿಗೆ ಎಲ್ಲ ಕೇಳಿಸಿತ್ತು.

"ಬ್ಯಾಡ ತಮ್ಮಾ" ಅಂದಳು. ಒಂದೊಂದು ಮಾತಿಗೂ ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಯಂಗೆ ಓದು ಬಂಜಿಲ್ಲೆ. ನಿಂಗೂ ಅರ್ಧಕ್ಕೇ ಹೋತು. ಅದಕ್ಕಾದ್ರೂ ಪೂರ್ತಿ ಬರ್ಲಿ. ಎನ್ನ ದೆಸೆಯಿಂದ ತಪ್ಪಿ ಹೋಪದು ಬ್ಯಾಡ. ದಶಮಿ ದಿನ ಓದ್ಲಿ. ಅಲ್ಲೀವರಿಗೆ ಮೇಕೆ ಎಲ್ಲಿಗೆ ಹೋಗ್ತು? ಪುಸ್ತಕದೊಳಗೇ ಇರ್ತು."

ನನಗೆ ಇಂಥದ್ದರಲ್ಲಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವಳಿಗಿತ್ತು. ಸಾಯುವವಳು ಬೇಡ ಅಂದ ಮೇಲೆ ನಾನೇನು ಮಾಡಲಿ? ವಾಪಸು ಬಂದು ಕೂಸಿನ ಪಕ್ಕ ಕುಳಿತೆ.

ನವಮಿಯ ದಿನ ನಾನು ಹೋಟೆಲಿನಲ್ಲಿದ್ದೆ. ಊರಿನವನೊಬ್ಬ ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ನಿಂತ. ನಾನು ಕೈ ತೊಳೆದುಕೊಂಡು ಹೊರಟೆ. ಅಣ್ಣ ಸಂಜೆ ಬಂದ. ಸತ್ತವಳ ಮುಖವನ್ನಷ್ಟೇ ನೋಡಿದ.

ಮನೆಗೆ ಸೂತಕ. ಸೂತಕದಲ್ಲಿ ದೇವರನ್ನು ಮುಟ್ಟುವ ಹಾಗಿಲ್ಲ. ದಶಮಿ ಬಂತು, ಹೋಯಿತು. ಪುಸ್ತಕ ಮಣೆಯ ಮೇಲೇ ಉಳಿಯಿತು. ಅದರ ಮೇಲಿನ ಹೂವು ಒಣಗಿತು, ಇರುವೆ ಹತ್ತಿತು. ಕೂಸು ದೂರದಲ್ಲಿ ನಿಂತು ನೋಡುತ್ತಿತ್ತು. ಒಮ್ಮೆ ನನ್ನ ಹತ್ತಿರ ಬಂದು, "ಆಯಿಗೆ ದಶಮಿ ಯಾವಾಗ ಹೇಳಿ ಗೊತ್ತಿತ್ತಿಲ್ಯಾ?" ಎಂದು ಕೇಳಿತು. ಗೊತ್ತಿತ್ತು ಅಂದೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಭಟ್ಟರು ಬಂದು ಪುಸ್ತಕ ಇಳಿಸಿಕೊಟ್ಟರು. ಅಣ್ಣ ಕಾಡಿಗೆ ವಾಪಸು ಹೋಗಿದ್ದ. ಆ ಸಂಜೆ ಅಮ್ಮನೇ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ, ಕೂಸನ್ನು ಕರೆದುಕೊಂಡು ಹೋಗಿ, ಆ ಹೊಸ್ತಿಲ ಹತ್ತಿರ ಕೂರಿಸಿದಳು. ಕೋಣೆಯನ್ನು ತೊಳೆದು ಸಾರಿಸಿ ಆಗಿತ್ತು. ಒಳಗೆ ಏನೂ ಇರಲಿಲ್ಲ.

"ಓದು ತಂಗೀ" ಅಂದಳು. "ಆಯಿ ಕೇಳ್ತು."

ಕೂಸು ಅಜ್ಜಿಯ ಮುಖ ನೋಡಿತು. ಕೋಣೆ ನೋಡಿತು. ಬೆರಳಿಟ್ಟು ಮೊದಲಿನಿಂದ ಓದಿತು. ಕಿರುಚಲಿಲ್ಲ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಮೇಕೆ ತಪ್ಪಿಸಿಕೊಂಡಿತು. ಮುದುಕಿ ಬಾವಿಯ ಹತ್ತಿರ ಇದ್ದವರನ್ನು ಕೇಳಿದಳು. ಗಾಡಿಯವನನ್ನು ಕೇಳಿದಳು. ಅಲ್ಲಿಗೆ ನಿಲ್ಲಿಸಿತು.

"ಮುಂದೆ?" ಅಂದಳು ಅಮ್ಮ.

"ಆಯಿಗೆ ಇಲ್ಲೀವರಿಗೇಯ" ಅಂದು ಕೂಸು ಪುಸ್ತಕ ಮುಚ್ಚಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮರುದಿನ ಅದು ಮುಂದಿನ ಪಾಠ ತೆಗೆಯಿತು. ಮೇಕೆಯ ಪಾಠದ ಉಳಿದ ಸಾಲುಗಳನ್ನು ನಮ್ಮ ಮನೆಯಲ್ಲಿ ಯಾರೂ ಓದಲಿಲ್ಲ. ನನಗೆ ಓದಲು ಬರುತ್ತಿತ್ತು, ನಾನೂ ನೋಡಲಿಲ್ಲ.