ಹೇಳದೆ ಎದ್ದುಬಂದ ದಿನ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ಮನೆಯ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ಬೆಳಿಗ್ಗೆ ತೆರೆದ ಬಾಗಿಲು ಕತ್ತಲಾಗುವವರೆಗೆ ತೆರೆದೇ ಇರುತ್ತಿತ್ತು. ಬಂದವರು ಹೊಸ್ತಿಲಿನ ಆಚೆ ನಿಂತು "ಹೋಡಿ!" ಎಂದು ಕೂಗುತ್ತಿದ್ದರು. ಒಳಗೆ ಬರಬಹುದೇ ಎಂದು ಅದರ ಅರ್ಥ. ಒಳಗಿನಿಂದ "ಕರೀಬು", ಅಂದರೆ ಬನ್ನಿ, ಎಂಬ ಉತ್ತರ ಬಂದ ಮೇಲೆಯೇ ಅವರು ಚಪ್ಪಲಿ ಬಿಟ್ಟು ಕಾಲಿಡುತ್ತಿದ್ದದ್ದು. ಉತ್ತರ ಬಾರದಿದ್ದರೆ ಇನ್ನೊಂದೆರಡು ಸಲ ಕೂಗಿ ಹಿಂದಿರುಗುತ್ತಿದ್ದರು. ಬಾಗಿಲು ಹಾರುಹೊಡೆದಿದ್ದರೂ ಯಾರೂ ಇಣುಕಿ ನೋಡುತ್ತಿರಲಿಲ್ಲ.

ಆ ಊರಿನ ಹೆಸರು ಟಾಂಗಾ. ಆಫ್ರಿಕಾದ ಪೂರ್ವ ಅಂಚಿನ ತಾಂಜಾನಿಯಾ ದೇಶದ ಕಡಲತೀರದಲ್ಲಿದೆ. ಉಡುಪಿಯ ಕಡೆಯಿಂದ ಹಡಗು ಹತ್ತಿ ಹೋದ ಅಪ್ಪ ಅಲ್ಲಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಆಮೇಲೆ ಅಮ್ಮ, ಅಕ್ಕ, ನಾನು. ಊರಿಗೆಲ್ಲ ಕತ್ತಾಳೆ ನಾರಿನ ಹಸಿ ವಾಸನೆ. ಮಧ್ಯಾಹ್ನದ ಗಾಳಿಯಲ್ಲಿ ಒಣಮೀನಿನ ವಾಸನೆಯೂ ಸೇರಿ ಬಂದರೆ ಅಜ್ಜಿ ಮೂಗಿಗೆ ಸೆರಗು ಹಿಡಿದು, "ಸಮುದ್ರ ಒಂದೇ ಅಲ್ಲವಾ, ನಮ್ಮ ಮಲ್ಪೆಯದ್ದೇ ವಾಸನೆ" ಎಂದು ಗೊಣಗುತ್ತಿದ್ದರು.

ಪಕ್ಕದ ಮನೆಯಲ್ಲಿ ಒಬ್ಬ ಮುದುಕ ಮತ್ತು ಅವರ ಹೆಂಡತಿ ಇದ್ದರು. ಮುದುಕನನ್ನು ನಾವು ಬಾಬು ಎಂದೂ ಹೆಂಡತಿಯನ್ನು ಬೀಬಿ ಎಂದೂ ಕರೆಯುತ್ತಿದ್ದೆವು. ಅಲ್ಲಿನ ಭಾಷೆಯಲ್ಲಿ ಬಾಬು ಎಂದರೆ ಅಜ್ಜ, ಬೀಬಿ ಎಂದರೆ ಅಜ್ಜಿ. ನಮ್ಮೆರಡು ಮನೆಗಳ ನಡುವೆ ಒಂದು ಮೋಟು ಗೋಡೆ, ಗೋಡೆಯ ಪಕ್ಕ ಒಂದು ಬೇವಿನ ಮರ. ಬಾಬು ಆ ಮರದ ಕೆಳಗೆ ಕುಳಿಗಳಿದ್ದ ಮರದ ಮಣೆಯನ್ನಿಟ್ಟುಕೊಂಡು ಬೀಜಗಳ ಆಟ ಆಡುತ್ತಿದ್ದರು. ನಮ್ಮ ಚೆನ್ನೆಮಣೆಯಂಥದ್ದೇ. ಸಂಜೆ ಅಪ್ಪ ಅವರೆದುರು ಕೂತರೆ ಲೆಕ್ಕದ ಮೇಷ್ಟ್ರು ಸೋಲುವುದನ್ನು ನೋಡಲು ಬೀದಿಯೇ ಸೇರುತ್ತಿತ್ತು. "ಮೇಷ್ಟ್ರೇ, ಶಾಲೆಯಲ್ಲಿ ಮಕ್ಕಳಿಗೆ ಎಂತ ಕಲಿಸ್ತೀರಿ ಪಾಪ!" ಎಂದು ಅಮ್ಮನೂ ಒಳಗಿನಿಂದ ಕೆಣಕುತ್ತಿದ್ದಳು.

ಬೀಬಿ ದಿನವೂ ಬೆಳಿಗ್ಗೆ ನಮ್ಮ ಹೊಸ್ತಿಲಿನಲ್ಲಿ "ಹೋಡಿ!" ಎನ್ನುತ್ತಿದ್ದರು. ತೆಂಗಿನಹಾಲು, ಏಲಕ್ಕಿ ಹಾಕಿ ಕಲಸಿ ಕರಿದ ಮಂದಾಜಿ ಎಂಬ ಬಿಸಿ ತಿಂಡಿ ತರುತ್ತಿದ್ದರು. ನಾವು ಮೀನು ಮೊಟ್ಟೆ ಮುಟ್ಟದವರೆಂದು ತಿಳಿದ ಮೇಲೆ ನಮ್ಮ ಪಾಲಿನದಕ್ಕೆ ಬೇರೆ ಬಾಣಲೆ, ಬೇರೆ ಎಣ್ಣೆ ಇಟ್ಟರು. ಅಜ್ಜಿ ಬಾಗಿಲಿನಲ್ಲಿ ಕಂಡರೆ ಕೈಯಿಂದ ಕೈಗೆ ಕೊಡದೆ ತಟ್ಟೆಯನ್ನು ಕಟ್ಟೆಯ ಮೇಲಿಡುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನೋಡಿ ಕಲಿತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಮ್ಮನಿಗೆ ಆ ದೇಶದಲ್ಲಿ ಇದ್ದ ಗೆಳತಿ ಅವರೊಬ್ಬರೇ.

ಆ ದಿನ ಉಹುರು, ಸ್ವಾತಂತ್ರ್ಯದ ಹಬ್ಬ. ದೇಶಕ್ಕೆಲ್ಲ ರಜೆ. ಡಿಸೆಂಬರಿನ ಸುಡುಬಿಸಿಲಿಗೂ ಮೊದಲೇ ಎಲ್ಲೋ ಡೋಲು ಬಡಿಯುತ್ತಿತ್ತು. ಮೈದಾನದ ಮೆರವಣಿಗೆಯಲ್ಲಿ ಶಾಲೆಯ ಹುಡುಗರನ್ನು ನಡೆಸುವ ಹೊಣೆ ಅಪ್ಪನದು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಿಂದ ಅವರು ಬಿಳಿ ಪ್ಯಾಂಟಿಗೆ ಗೆರೆ ಮೂಡಿಸುತ್ತಿದ್ದಾಗ ಗೋಡೆಯಾಚೆಯಿಂದ ಹೆಂಗಸೊಬ್ಬರು ಗಟ್ಟಿಯಾಗಿ ಅತ್ತದ್ದು ಕೇಳಿತು. ಬಾಬು ತೀರಿಕೊಂಡಿದ್ದರು.

ಅಮ್ಮ ಇದ್ದಂತೆಯೇ ಬಾಗಿಲಿಗೆ ಓಡಿದಳು. ಅಜ್ಜಿ ತಡೆದರು. "ಗಂಡಸು ಮೆರವಣಿಗೆ ಮುಗಿಸಿ ಬರಲಿ, ಒಟ್ಟಿಗೆ ಹೋಗಿ. ಒಬ್ಬಳೇ ಸಾವಿನ ಮನೆಗೆ ಹೋಗ್ಲಿಕ್ಕಿಲ್ಲ."

"ನೀವು ಮೆರವಣಿಗೆ ಬಿಡ್ಲಿಕ್ಕೆ ಆಗುದಿಲ್ವಾ?" ಅಮ್ಮ ಅಪ್ಪನನ್ನು ಕೇಳಿದಳು.

"ಹೇಗೆ ಬಿಡುದು? ಇಂಡಿಯಾದವ ಇವರ ಸ್ವಾತಂತ್ರ್ಯದ ದಿನ ತಪ್ಪಿಸಿದ ಅಂತ ಆಗುದು ಬೇಡ ಮಾರಾಯ್ತಿ. ಮಧ್ಯಾಹ್ನ ಹೋಗುವ."

ಅಪ್ಪನ ಹೆದರಿಕೆ ಸುಳ್ಳಾಗಿರಲಿಲ್ಲ. ನಮ್ಮವರು ಈ ದೇಶದವರೋ ಅಲ್ಲವೋ ಎಂದು ಆಗ ಎಲ್ಲರೂ ಕೇಳುತ್ತಿದ್ದ ಕಾಲ. ಅಪ್ಪ ಹೋದರು. ಆದರೆ ನಮ್ಮ ಬೀದಿಯವರು ಒಬ್ಬರೂ ಮೈದಾನಕ್ಕೆ ಬಂದಿರಲಿಲ್ಲವಂತೆ. ಅಲ್ಲಿನ ನಡವಳಿಕೆ ಹಾಗೆ. ಬೀದಿಯಲ್ಲಿ ಒಂದು ಸಾವಾದರೆ ಅಂಗಡಿ ಮುಚ್ಚುತ್ತದೆ, ಹಬ್ಬ ನಿಲ್ಲುತ್ತದೆ. ಗಂಡಸರು ಅಂಗಳದ ಚಾಪೆಯ ಮೇಲೆ, ಹೆಂಗಸರು ಒಳಗೆ, ದಿನಗಟ್ಟಲೆ ಕೂರುತ್ತಾರೆ. ಮಾತಾಡಲೇಬೇಕೆಂದಿಲ್ಲ, ಕೂರಬೇಕು. ಅಲ್ಲಿಯೇ ಅಡುಗೆ, ಅಲ್ಲಿಯೇ ಊಟ.

ಅಪ್ಪ ಹಿಂದಿರುಗುವಾಗ ಬಾಬುವಿನ ದಫನ ಮುಗಿದಿತ್ತು. ನಾವು ಮೂವರು ಹೋದೆವು: ಅಪ್ಪ, ಅಮ್ಮ, ನಾನು. ಅಂಗಳದ ತುಂಬ ಬಿಳಿ ಟೋಪಿಗಳು, ಧೂಪದ ಹೊಗೆ. ಅಮ್ಮ ಹೆಂಗಸರ ಕಡೆಗೆ ಹೋದಳು. ಅಪ್ಪ ಗೆರೆ ಮುರಿಯದ ಬಿಳಿ ಪ್ಯಾಂಟಿನಲ್ಲಿಯೇ ಚಾಪೆಯ ಅಂಚಿನಲ್ಲಿ ಕೂತರು. ಪುಟ್ಟ ಬಟ್ಟಲಿನಲ್ಲಿ ಶುಂಠಿ ಹಾಕಿದ ಕಪ್ಪು ಕಾಫಿ ಬಂತು. ಅಪ್ಪ ಬಟ್ಟಲಿನ ಮೇಲೆ ಅಂಗೈ ಇಟ್ಟು ಬೇಡವೆಂದು ತಲೆಯಾಡಿಸಿದರು. ಅನ್ನದ ತಟ್ಟೆ ಬಂತು. ಅದಕ್ಕೂ ಹಾಗೆಯೇ. ಸಾವಿನ ಮನೆಯಲ್ಲಿ ನಾವು ನೀರನ್ನೂ ಮುಟ್ಟುವುದಿಲ್ಲವಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದರು, ಅಮ್ಮನಿಗೆ ಕಣ್ಣಿನಲ್ಲೇ ಹೇಳಿದರು, ಮೂವರೂ ಯಾರಿಗೂ ಏನೂ ಹೇಳದೆ ಹೊರಟುಬಂದೆವು.

ನಮ್ಮಲ್ಲಿ ಅದೇ ಕ್ರಮ. ಸಾವಿನ ಮನೆಗೆ ಬಂದವರನ್ನು ಯಾರೂ "ಬನ್ನಿ" ಎನ್ನುವುದಿಲ್ಲ. ಹೊರಡುವವರು "ಹೋಗಿ ಬರ್ತೇನೆ" ಎನ್ನುವುದಿಲ್ಲ. ಹಾಗೆಂದರೆ ಇಂಥದ್ದೇ ಕಾರಣಕ್ಕೆ ಇನ್ನೊಮ್ಮೆ ಬರುತ್ತೇನೆ ಎಂದಂತೆ. ಬಾಯಿ ಮುಚ್ಚಿ ಎದ್ದುಬರುವುದು ನಮ್ಮ ಮಟ್ಟಿಗೆ ಆ ಮನೆಯ ಮೇಲಿನ ಪ್ರೀತಿ. ಅಲ್ಲಿ ಹಾಗಲ್ಲ. ಮನೆಯವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ದುಃಖದ ಮಾತು ಹೇಳಿ, ಹೊರಡಲು ಅಪ್ಪಣೆ ಕೇಳಿ, ಅವರು ಹೂಂ ಎಂದ ಮೇಲೆ ಹೊರಡಬೇಕು. ಹೇಳದೆ ಎದ್ದುಹೋಗುವವನು ಒಂದೋ ಕಳ್ಳ, ಇಲ್ಲವೇ ಹಗೆ.

ಮನೆಗೆ ಬಂದಾಗ ಅಜ್ಜಿ ಹಿತ್ತಿಲಿನಲ್ಲಿ ಕೊಡಪಾನ ತುಂಬಿಸಿಟ್ಟಿದ್ದರು. ಒಳಗೆ ಕಾಲಿಡುವ ಮೊದಲು ತಲೆಗೆ ಸ್ನಾನ. ನನ್ನ ತಲೆಯ ಮೇಲೆ ನೀರು ಬಿದ್ದ ಸದ್ದು, ಕಲ್ಲಿನ ಮೇಲೆ ಅದು ಚೆಲ್ಲಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಮೋಟು ಗೋಡೆಯಾಚೆ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಲೆಮಿಂಗ್ಟನ್ ಸ್ಪಾ ಊರಿನಲ್ಲಿರುವ ನಿಮ್ಮ ದೊಡ್ಡಜ್ಜಿಗೆ, ಅಂದರೆ ಈ ಕಥೆಯ ಅಕ್ಕನಿಗೆ, ಹೋದ ವಾರ ಫೋನ್ ಮಾಡಿ ಇದನ್ನೆಲ್ಲ ಕೇಳಿದೆ. "ನೀನು ಹೋಗ್ಲೇ ಇಲ್ಲ ಮಾರಾಯ!" ಎಂದಳು. "ನನ್ನೊಟ್ಟಿಗೆ ಕಿಟಕಿಯಲ್ಲಿ ನಿಂತು ನೋಡ್ತಾ ಇದ್ದೆ. ಆ ಕಾಫಿ, ಧೂಪ ಎಲ್ಲ ಅಮ್ಮ ಆಮೇಲೆ ಹೇಳಿದ್ದು." ಇರಬಹುದು. ನನ್ನ ನಾಲಿಗೆಯ ಮೇಲಿರುವ ಶುಂಠಿಯ ಖಾರ ಬೇರೆ ಯಾವುದೋ ದಿನದ್ದಿರಬಹುದು. ಆದರೆ ತಲೆಯ ಮೇಲೆ ಬಿದ್ದ ನೀರನ್ನು ನಾನು ಬಿಟ್ಟುಕೊಡಲಾರೆ.

ಮರುದಿನ ಬೆಳಿಗ್ಗೆ ಹೋಡಿ ಕೇಳಿಸಲಿಲ್ಲ. ಬೀಬಿ ದುಃಖದಲ್ಲಿದ್ದಾರೆ ಎಂದುಕೊಂಡೆವು. ದುಃಖದ ದಿನಗಳು ಕಳೆದವು, ಗೋಡೆಯಾಚೆ ಎಣ್ಣೆ ಕಾಯುವ ವಾಸನೆ ಮತ್ತೆ ಬರತೊಡಗಿತು, ನಮ್ಮ ಹೊಸ್ತಿಲು ಮಾತ್ರ ಖಾಲಿಯಾಗಿಯೇ ಉಳಿಯಿತು. ಕೊನೆಗೆ ಶಾಲೆಯಲ್ಲಿ ಅಪ್ಪನ ಜೊತೆಗಾರ, ಆ ಊರಿನವರೇ ಆದ ಒಬ್ಬ ಮೇಷ್ಟ್ರು, ಬಾಯಿಬಿಟ್ಟರು. ಮುದುಕನ ಮನೆಯಲ್ಲಿ ಒಂದು ಗುಟುಕು ಕಾಫಿ ಕುಡಿಯದೆ ಕಳ್ಳನಂತೆ ಎದ್ದುಹೋದಿರಂತೆ, ಮನೆಗೆ ಹೋಗಿ ಅವರ ಸಾವನ್ನು ಮೈಯಿಂದ ತೊಳೆದುಕೊಂಡಿರಂತೆ, ಹೌದೇ ಎಂದು ಕೇಳಿದರಂತೆ.

ಅಪ್ಪ ಇದನ್ನು ಹೇಳಿದ್ದೇ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಾನು ಹೋಗಿ ಹೇಳಿ ಬರ್ತೇನೆ."

"ಎಂತ ಹೇಳ್ತಿ? ನಾವು ತಪ್ಪು ಮಾಡಿದ್ದೇವಾ? ನಮ್ಮ ಕ್ರಮದಲ್ಲಿ ನಾವು ಹೋದದ್ದು."

"ಅವರಿಗೆ ನಮ್ಮ ಕ್ರಮ ಹೇಗೆ ಗೊತ್ತಾಗ್ಬೇಕು?"

"ಹಾಗಾದ್ರೆ ಅವರ ಕ್ರಮ ನಮಗೆ ಹೇಗೆ ಗೊತ್ತಾಗ್ಬೇಕಿತ್ತು? ಹೋಗುದು ಬೇಡ."

ಅಮ್ಮ ಹೋಗಲಿಲ್ಲ. ಅಪ್ಪ ಬೇಡವೆಂದರೆ ಬೇಡ ಎಂಬ ಕಾಲ ಅದು. ಚೆನ್ನೆಮಣೆಯಂಥ ಆ ಮಣೆ ಬೇವಿನ ಬುಡದಲ್ಲಿಯೇ ಕೆಲವು ದಿನ ಇತ್ತು. ಕುಳಿಗಳಲ್ಲಿ ಮಳೆನೀರು ನಿಂತು ಬೇವಿನ ಹೂ ತೇಲಿತು. ಆಮೇಲೆ ಯಾರೋ ಎತ್ತಿಟ್ಟರು.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ನಮ್ಮ ಅಜ್ಜಿ ತೀರಿಕೊಂಡರು. ಆ ಬೆಳಿಗ್ಗೆ ಅಪ್ಪ ಒಂದು ವಿಚಿತ್ರ ಕೆಲಸ ಮಾಡಿದರು. ನಮ್ಮಲ್ಲಿ ಸಾವಿನ ಮನೆಯಲ್ಲಿ ಯಾರೂ ಚಾಪೆ ಹಾಸಿ ಜನರನ್ನು ಕಾಯುವುದಿಲ್ಲ. ಅಪ್ಪ ಶಾಲೆಯಿಂದ ಚಾಪೆಗಳನ್ನು ತರಿಸಿ, ಅಳುವುದನ್ನು ನಡುವೆ ನಿಲ್ಲಿಸಿ, ತಾವೇ ಅಂಗಳದ ತುಂಬ ಒಂದೊಂದಾಗಿ ಹಾಸಿದರು. ಒಲೆಯ ಮೇಲೆ ಕಾಫಿಗೆ ನೀರನ್ನೂ ಇಡಿಸಿದರು. ತಪ್ಪಾಯಿತು ಎಂದು ಬಾಯಲ್ಲಿ ಹೇಳಲಾಗದ್ದನ್ನು ಚಾಪೆಯಲ್ಲಿ ಹೇಳುತ್ತಿದ್ದರೆಂದು ನನಗೆ ಈಗ ಅನಿಸುತ್ತದೆ.

ಬೀದಿಯವರು ಬಂದರು. ಬಿಳಿ ಟೋಪಿಯ ಗಂಡಸರು, ಕಪ್ಪು ಹೊದಿಕೆಯ ಹೆಂಗಸರು, ಎಲ್ಲರೂ ಬಂದರು. ಅಂಗಳದ ಅಂಚಿನಲ್ಲಿ ನಿಂತರು. ಒಬ್ಬರೂ ಚಾಪೆಯ ಮೇಲೆ ಕೂರಲಿಲ್ಲ. ಕಾಫಿ ಕೊಡಲು ಹೋದ ಅಕ್ಕನಿಗೆ ಬೇಡವೆಂದು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಏನೂ ಹೇಳದೆ, ತಿರುಗಿ ಹೊರಟರು.

ಬೀಬಿ ಮಾತ್ರ ನಮ್ಮ ಹೊಸ್ತಿಲಿನ ಆಚೆ, ದಿನವೂ ಹೋಡಿ ಎನ್ನುತ್ತಿದ್ದ ಅದೇ ಜಾಗದಲ್ಲಿ, ನಿಂತಿದ್ದರು. ಹೋಡಿ ಎನ್ನಲಿಲ್ಲ. ಒಳಗೆ ಅಜ್ಜಿಯ ತಲೆಯ ಬಳಿ ಕೂತಿದ್ದ ಅಮ್ಮ ಅವರನ್ನು ನೋಡಿದಳು. ಸಾವಿನ ಮನೆಯಲ್ಲಿ ಬನ್ನಿ ಎನ್ನಬಾರದೆಂಬುದನ್ನು ಮರೆತಳೋ, ಬೇಕೆಂದೇ ಮುರಿದಳೋ, "ಕರೀಬು" ಎಂದಳು. ಯಾರೂ ಕೇಳದೆಯೇ ಕೊಟ್ಟ ಉತ್ತರ ಅದು. "ಕರೀಬು, ಬೀಬಿ, ಕರೀಬು." ಬೀಬಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಒಂದು ಮಾತೂ ಆಡದೆ ತಿರುಗಿ ಹೋದರು.

"ಬೇಕೂಂತಲೇ ಮಾಡಿದ್ದು. ನಾವು ಕೊಟ್ಟದ್ದನ್ನು ಹಾಗೇ ವಾಪಸ್ ಕೊಟ್ಟರು" ಎನ್ನುತ್ತಾಳೆ ಅಕ್ಕ. ಅಪ್ಪನೂ ಸಾಯುವವರೆಗೆ ಹಾಗೆಯೇ ನಂಬಿದ್ದರು. ನನಗೆ ಬೀಬಿ ನಮಗೆಂದೇ ಇಟ್ಟಿದ್ದ ಬೇರೆ ಬಾಣಲೆ ನೆನಪಾಗುತ್ತದೆ. ತಟ್ಟೆಯನ್ನು ಕಟ್ಟೆಯ ಮೇಲಿಡುವುದನ್ನು ನೋಡಿಯೇ ಕಲಿತವರು, ನಮ್ಮ ಸಾವಿನ ಕ್ರಮವನ್ನೂ ನಮ್ಮನ್ನು ನೋಡಿಯೇ ಕಲಿತು, ಮರ್ಯಾದೆಯಿಂದಲೇ ಹಾಗೆ ಹೋದರೇ? ಕೇಳಬಹುದಾಗಿದ್ದ ಅಮ್ಮ ಕೇಳಲಿಲ್ಲ. ವರ್ಷ ತುಂಬುವುದರೊಳಗೆ ನಾವು ಊರನ್ನೇ ಬಿಟ್ಟು ಇಲ್ಲಿಗೆ, ಇಂಗ್ಲಿಷರ ನಾಡಿಗೆ, ಬಂದೆವು. ಹೊರಡುವ ದಿನವೂ ಗೋಡೆಯಾಚೆಗೆ ಹೋಗಿ ಬರ್ತೇವೆ ಎಂದು ಯಾರೂ ಹೇಳಲಿಲ್ಲ. ಅಮ್ಮ ಈ ದೇಶದ ಚಳಿಯಲ್ಲಿ ಬಾಗಿಲು ಮುಚ್ಚಿಕೊಂಡು ಉಳಿದ ಆಯುಷ್ಯ ಕಳೆದಳು. ಇನ್ನೊಬ್ಬ ಗೆಳತಿಯನ್ನು ಮಾಡಿಕೊಳ್ಳಲಿಲ್ಲ.

ಈಗ ನಿಮ್ಮ ಲೋಕ. ಕಳೆದ ಬ್ಯಾಂಕ್ ಹಾಲಿಡೇ ಸೋಮವಾರ, ನಮ್ಮ ಸ್ಟಾಕ್‌ಪೋರ್ಟಿನಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಇವತ್ತು ಯಾವ ಹಬ್ಬಕ್ಕೆ ರಜೆ ಎಂದು ನಾನು ಕೇಳಿದರೆ ನೀವು, "ಇಟ್ಸ್ ಜಸ್ಟ್ ಬ್ಯಾಂಕ್ ಹಾಲಿಡೇ, ಅಜ್ಜ" ಎಂದು ನಕ್ಕಿರಿ. ಆಗಲೇ ನಿಮ್ಮ ಅಪ್ಪ ಬಂದು, ಪಕ್ಕದ ಮನೆಯ ಮುದುಕ ಹತ್ತು ದಿನದ ಹಿಂದೆಯೇ ತೀರಿಕೊಂಡರಂತೆ, ಮುಂದಿನ ವಾರ ಫ್ಯೂನರಲ್ ಅಂತೆ, ಒಂದು ಕಾರ್ಡ್ ಹಾಕಿದರೆ ಆಯಿತು ಎಂದ. ಇಷ್ಟು ದಿನ ಅವರ ಹೆಂಡತಿ ನಮ್ಮ ಗೋಡೆಗೆ ತಾಗಿದ ಗೋಡೆಯಾಚೆ ಒಬ್ಬರೇ ಇದ್ದರು. ನಮಗೆ ಏನೂ ಕೇಳಿಸಿರಲಿಲ್ಲ.

ನಾನು ಕೋಟು ಹಾಕಿಕೊಂಡೆ. "ಡು ವಿ ಹ್ಯಾವ್ ಟು?" ಎನ್ನುತ್ತಲೇ ಪುಟ್ಟಿ, ನೀನು ಜೊತೆಗೆ ಬಂದೆ. ಅವರ ಬಾಗಿಲಿನಲ್ಲಿ ಕ್ಯಾಮೆರಾದ ಕಣ್ಣಿರುವ ಕರೆಗಂಟೆ ಇತ್ತು. ಒತ್ತಿದೆ. ಯಾರೂ ಬರಲಿಲ್ಲ. ಗಂಟೆಯೊಳಗಿನ ದನಿಯೊಂದು, ಹೇಳುವುದೇನಿದ್ದರೂ ಹೇಳಿ ಎಂದಿತು.

"ಅಜ್ಜ, ಜಸ್ಟ್ ಸೇ ಸಮ್‌ಥಿಂಗ್. ಇಟ್ಸ್ ರೆಕಾರ್ಡಿಂಗ್."

ಹೇಳಬೇಕಾದದ್ದು ನನಗೆ ಗೊತ್ತಿತ್ತು. ಇಂಗ್ಲಿಷಿನಲ್ಲೂ ಗೊತ್ತಿತ್ತು, ಬೀಬಿಯ ಭಾಷೆಯಲ್ಲೂ ಗೊತ್ತಿತ್ತು.

ಆ ಹೆಂಗಸಿನ ಫೋನಿನಲ್ಲಿ ಈಗಲೂ ಇರಬಹುದು: ಕೋಟು ಹಾಕಿದ ಪಕ್ಕದ ಮನೆಯ ಇಂಡಿಯನ್ ಮುದುಕನೊಬ್ಬ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಏನೂ ಹೇಳದೆ, ತಿರುಗಿ ಹೋದದ್ದು.