ಒದ್ದರೂ ಹೋಗದ ನೋವು

ನನ್ನ ಅಣ್ಣ ಹುಟ್ಟುವಾಗ ಕಾಲು ಮುಂದಾಗಿ ಬಂದವನು. ಹಾಗೆ ಹುಟ್ಟಿದವರ ಕಾಲಿನಲ್ಲಿ ಒಂದು ಗುಣ ಇರುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದುಕೊಂಡವರಿಗೆ, ಬೆನ್ನು ಉಳುಕಿದವರಿಗೆ ಅವರು ಮೂರು ಸಲ ಒದ್ದರೆ ನೋವು ಬಿಟ್ಟುಹೋಗುತ್ತದಂತೆ. ಯಸಳೂರಿನಿಂದ ಆಚೆ ಇರುವ ನಮ್ಮ ತವರುಮನೆಯ ಜಗುಲಿಗೆ ಭಾನುವಾರ ಬೆಳಿಗ್ಗೆ ಜನ ಬಂದು ಕೂರುತ್ತಿದ್ದರು. ಮೆಣಸು ಕುಯ್ಯುವಾಗ ಏಣಿಯಿಂದ ಜಾರಿದವರು, ಕಾಫಿ ಮೂಟೆ ಎತ್ತಿ ಸೊಂಟ ಹಿಡಿಸಿಕೊಂಡವರು, ಒಮ್ಮೊಮ್ಮೆ ಜೀಪಿನಲ್ಲಿ ಎಸ್ಟೇಟಿನ ಸಾಹುಕಾರರೂ ಬರುತ್ತಿದ್ದರು. ಅಣ್ಣ ಹಲ್ಲುಜ್ಜುವುದಕ್ಕೂ ಮೊದಲೇ ಹೊರಗೆ ಬಂದು, ಒಬ್ಬೊಬ್ಬರನ್ನೇ ಚಾಪೆಯ ಮೇಲೆ ಬೋರಲು ಮಲಗಿಸಿ ಎಡಗಾಲಿನಲ್ಲಿ ಒದೆಯುತ್ತಿದ್ದ. ಒಂದು ಕಾಸು ಮುಟ್ಟುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಮರ್ಯಾದೆ ಮಾತ್ರ, ಅದಕ್ಕೇನೂ ಬರ ಇರಲಿಲ್ಲ. ಸಾಹುಕಾರರನ್ನು ಒದ್ದು, ಅವರಿಂದಲೇ ಕೈ ಮುಗಿಸಿಕೊಳ್ಳುವ ಭಾಗ್ಯ ಆ ಹೋಬಳಿಯಲ್ಲಿ ಇನ್ಯಾರಿಗಿತ್ತು?

ನಾನು ಮದುವೆಯಾಗಿ ಬಂದದ್ದು ಆಲೂರು ತಾಲ್ಲೂಕಿಗೆ, ಮಗ್ಗೆಯ ಹತ್ತಿರದ ಒಂದು ಮನೆಗೆ. ಎರಡು ಸೀಮೆಹಸು, ಒಂದಿಷ್ಟು ಗದ್ದೆ, ಶುಂಠಿ, ಮನೆಯ ಹಿಂದೆ ಚೂರು ಕಾಫಿ. ಹಸು ಕರೆಯುವುದು, ಹಸಿಹುಲ್ಲಿನ ಹೊರೆ ಹೊತ್ತು ತರುವುದು ನನ್ನ ಪಾಲಿನ ಕೆಲಸ. ಹನ್ನೆರಡು ವರ್ಷ ಹೊತ್ತ ಮೇಲೆ ಬಲಗಡೆ ಕುತ್ತಿಗೆಗೂ ಹೆಗಲಿಗೂ ನಡುವೆ ಒಂದು ನೋವು ಬಂದು ಕೂತಿತು. ಅಲ್ಲಿಂದ ಕಿವಿಯ ಹಿಂದಕ್ಕೆ ಏರಿ ಕಣತಲೆಯವರೆಗೂ ಎಳೆಯುತ್ತಿತ್ತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಕಣ್ಣಲ್ಲಿ ನೀರು. ಮಾತ್ರೆ ನುಂಗಿದೆ, ಎಣ್ಣೆ ತಿಕ್ಕಿಸಿಕೊಂಡೆ, ಉಪ್ಪಿನ ಶಾಖ ಕೊಟ್ಟುಕೊಂಡೆ. ಕೊನೆಗೆ ಅತ್ತೆಯೇ, 'ನಿಮ್ಮಣ್ಣ ಇರೋವಾಗ ಇದೆಲ್ಲ ಯಾಕೆ? ನಡಿ, ನಾನೂ ಬತ್ತೀನಿ' ಎಂದು ಹೊರಡಿಸಿದರು. ಅತ್ತೆಯ ಸೊಂಟವನ್ನು ಒಂದು ಸಲ ಅಣ್ಣನೇ ಬಿಡಿಸಿದ್ದ. ಅಂದಿನಿಂದ ಅವರಿಗೆ ಅವನು ಅರ್ಧ ದೇವರು.

ಅಣ್ಣ ಆ ಭಾನುವಾರ ನನಗೆ ಮೂರು ಸಲ ಒದ್ದ. ಮೂರನೆಯ ಒದೆಗೆ ನಾನು ಕಿರುಚಿದೆ. ಒಂದು ವಾರ ಬಿಟ್ಟು ಮತ್ತೆ ಬಾ ಎಂದ, ಅತ್ತೆಯ ಜೊತೆಗೇ ಹೋದೆ, ಮತ್ತೆ ಮೂರು ಒದ್ದ. ಜಗುಲಿಯ ಮೇಲೆ ಏಳೆಂಟು ಜನ ಇದ್ದರು.

'ಹೋಯ್ತೇನೆ?' ಎಂದ.

'ಇಲ್ಲ ಕಣಣ್ಣ. ಜಾಸ್ತಿ ಆಗೈತೆ.'

ಅವನ ಮುಖ ಒಂದು ಗಳಿಗೆ ಗಂಟಾಯಿತು. ಆಮೇಲೆ ಕೂತಿದ್ದವರ ಕಡೆ ತಿರುಗಿ ನಕ್ಕ. 'ನನ್ ಕಾಲಿಗೆ ಹೋಗ್ದೆ ಇರೋ ನೋವು ಯಾವ್ದೂ ಇಲ್ಲ. ಇದು ಸುಳ್ಳು ನೋವು ಕಣ್ರಪ್ಪ. ಹುಲ್ಲು ಹೊರಕ್ಕೆ ಸೋಮಾರಿತನ ಇವ್ಳಿಗೆ.'

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ನಾನು ಚಾಪೆಯ ಮೇಲೆ ಎದ್ದು ಕೂತು ಸೆರಗು ಸರಿಮಾಡಿಕೊಂಡೆ.

ಆ ಮಾತು ನಮ್ಮ ಬಸ್ಸಿಗಿಂತ ಮೊದಲೇ ಮಗ್ಗೆ ತಲುಪಿತು ಎನ್ನಬೇಕು. ಹಾಲಿನ ಡೈರಿಯಲ್ಲಿ ಕ್ಯಾನು ಹಿಡಿದು ನಿಂತರೆ, 'ಏನವ್ವ, ಸುಳ್ಳು ನೋವು ಹೆಂಗೈತೆ ಇವತ್ತು?' ಎಂದು ಕೇಳುವವರು. ಮನೆಯಲ್ಲಿ ನರಳಿದರೆ ಅತ್ತೆ, 'ಒಡಹುಟ್ಟಿದ ಅಣ್ಣನೇ ಹೇಳವ್ನೆ' ಎನ್ನುತ್ತಿದ್ದರು. ಗಂಡ ಕೆಟ್ಟವನಲ್ಲ, ಆದರೆ ಅಮ್ಮನ ಮಾತಿಗೆ ಎದುರಾಡುವ ಪೈಕಿಯೂ ಅಲ್ಲ. ಹೀಗೆ ಎರಡು ವರ್ಷ ಕಳೆಯಿತು. ನೋವು ಬೇರೆ, ನೋವೇ ಇಲ್ಲ ಎನ್ನಿಸಿಕೊಳ್ಳುವುದು ಬೇರೆ. ಎರಡನೆಯದು ಹೊಟ್ಟೆ ಉರಿಸುತ್ತದೆ. ಹಾಲು ಕರೆಯುತ್ತ ಕೂತು ದಿನವೂ ಅಣ್ಣನನ್ನು ಬೈಯುತ್ತಿದ್ದೆ, ಹಸು ಬೆದರಬಾರದೆಂದು ಮೆಲುದನಿಯಲ್ಲಿ. ಅವನ ಎಡಗಾಲು ಸೇದಿಹೋಗಲಿ ಎಂದು ಶಾಪ ಹಾಕಿದ್ದೂ ಉಂಟು. ಅದನ್ನು ಇಲ್ಲಿ ಮುಚ್ಚಿಟ್ಟು ಏನು ಪ್ರಯೋಜನ?

ನಮ್ಮೂರ ಶಾಲೆಯ ಟೀಚರೊಬ್ಬರು ಮಂಡಿನೋವಿಗೆಂದು ಸಕಲೇಶಪುರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುತ್ತಿದ್ದರು. 'ಅಲ್ಲಿ ಸೂಜಿನೂ ಹಾಕ್ತಾರೆ, ಒಂದ್ಸಲ ತೋರ್ಸಿ' ಎಂದರು. ಹಲ್ಲುನೋವು ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ. ಹೇಗೂ ಸುಳ್ಳಿಯೆಂಬ ಹೆಸರು ಬಂದಿತ್ತಲ್ಲ.

ಅಂಗಡಿಯ ಮೇಲಿನ ಎರಡು ರೂಮು, ಹಸಿರು ಪರದೆ. ಡಾಕ್ಟರಮ್ಮ ನನಗಿಂತ ಚಿಕ್ಕವಳು. ನನ್ನ ಹೆಗಲನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ತಡಕುತ್ತ ಬಂದು ಒಂದು ಕಡೆ ನಿಂತಳು. ಒತ್ತಿದಳು. ನೋವು ಸೀದಾ ಕಣತಲೆಗೆ ಹೊಡೆಯಿತು.

'ಕಿವಿ ಹಿಂದೆ ಹೋಯ್ತಲ್ವಾ?' ಎಂದಳು.

ನಾನು ಇನ್ನೂ ಹೇಳಿಯೇ ಇರಲಿಲ್ಲ!

'ಮಾಂಸಖಂಡ ಇಲ್ಲಿ ಬಿಗಿದು ಗಂಟಾಗಿದೆ. ಸೂಜಿ ಹಾಕ್ತೀನಿ. ಇದರಲ್ಲಿ ಔಷಧಿ ಏನೂ ಇರಲ್ಲ, ಬರೀ ಸೂಜಿ. ಡ್ರೈ ನೀಡ್ಲಿಂಗ್ ಅಂತಾರೆ. ಗಂಟಿಗೆ ತಾಗಿದಾಗ ಒಂದ್ಸಲ ಮಿಡಿಯುತ್ತೆ, ಹೆದರ್ಕೋಬೇಡಿ.'

ಸ್ಪಿರಿಟ್ ಹಚ್ಚಿದಳು, ಹೆಗಲ ಮಾಂಸವನ್ನು ಚಿವುಟಿ ಎತ್ತಿ ಹಿಡಿದಳು. ಸೂಜಿ ಒಳಗೆ ಹೋದದ್ದೇ ಗೊತ್ತಾಗಲಿಲ್ಲ. ಅದನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಾಗ ಹೆಗಲೊಳಗೆ ಏನೋ ತಟ್ಟನೆ ಹಾರಿತು. ನಾನು ಹಾರಿಸಿದ್ದಲ್ಲ, ಅದೇ ಹಾರಿತು.

'ಸಿಕ್ತು ನೋಡಿ' ಎಂದಳು.

'ಏನು ಸಿಕ್ತು?'

'ನಿಮ್ಮ ನೋವು.'

ನಾನು ಅಳತೊಡಗಿದೆ. ಅವಳು ಗಾಬರಿಯಾಗಿ ಸೂಜಿ ತೆಗೆದು, 'ತುಂಬಾ ನೋಯ್ತಾ?' ಎಂದಳು. ನೋವಿಗೆ ಅತ್ತದ್ದಲ್ಲ, ಸಮಾಧಾನಕ್ಕೂ ಅಲ್ಲ. ಆ ಜಗುಲಿಯ ಮೇಲೆ ನಕ್ಕ ಒಬ್ಬೊಬ್ಬರ ಹಲ್ಲೂ ನನಗೆ ಕಾಣಿಸುತ್ತಿತ್ತು. ಕಣ್ಣೊರೆಸಿಕೊಂಡು ಹೇಳಿದೆ, 'ಇನ್ನೊಂದು ಸಲ ಹಾರಿಸಿ ಮೇಡಂ. ನನ್ನ ಫೋನಲ್ಲಿ ವಿಡಿಯೋ ಹಿಡೀರಿ.'

ಅವಳಿಗೆ ಇಂಥ ರೋಗಿ ಹೊಸದಿರಬೇಕು. ಆದರೂ ಆಯಾಳ ಕೈಗೆ ಫೋನು ಕೊಟ್ಟು ಹಿಡಿಸಿದಳು.

ಎರಡು ದಿನ ಹೆಗಲು ಯಾರೋ ಗುದ್ದಿದ ಹಾಗೆ ನೋಯಿತು. ಆಮೇಲೆ ಸಡಿಲಾಯಿತು. ಐದಾರು ಸಲ ಹೋದೆ, ಹೇಳಿಕೊಟ್ಟ ವ್ಯಾಯಾಮವನ್ನು ಕೊಟ್ಟಿಗೆಯ ಗೋಡೆಗೆ ನಿಂತು ಮಾಡಿದೆ. ನೋವು ಪೂರ್ತಿ ಹೋಯಿತೆಂದು ಹೇಳಲಾರೆ, ತಲೆ ಬಾಚಿಕೊಳ್ಳುವಷ್ಟಾಯಿತು. ಆದರೆ ನನ್ನ ನಿಜವಾದ ಔಷಧಿ ಫೋನಿನಲ್ಲಿತ್ತು. ಡೈರಿಯಲ್ಲಿ ಹೆಂಗಸರನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. 'ಅಯ್ಯೋ, ಮೀನು ಮಿಡುಕ್ದಂಗೆ ಮಿಡುಕ್ತೈತಲ್ಲೇ' ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅತ್ತೆ ಮಾತ್ರ ಸೋಲಲಿಲ್ಲ. 'ಬೆನ್ನು ಬಿಟ್ಕಂಡು ವಿಡಿಯೋ ಬೇರೆ ತೆಗೆಸ್ಕಂಡು ಬಂದವ್ಳೆ. ಅದು ನಿಂದೇ ಬೆನ್ನು ಅಂತ ಏನು ಗ್ಯಾರಂಟಿ?' ಎಂದರು.

ಅಣ್ಣನಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು, ಉತ್ತರ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಮಾತು: ಇವಳ ನೋವು ನಿಜವಾಗಿತ್ತು ಎಂದು. ಅದು ಅವನ ಬಾಯಿಂದ, ಅತ್ತೆಯ ಎದುರಿಗೇ ಬರಬೇಕಿತ್ತು. ಅದಿಲ್ಲದೆ ಆ ಡಾಕ್ಟರಮ್ಮ ಎಷ್ಟು ಸೂಜಿ ಹಾಕಿದರೂ ಎದೆಯೊಳಗಿನ ಗಂಟು ಬಿಡುವ ಹಾಗಿರಲಿಲ್ಲ.

ಆರು ತಿಂಗಳಾದ ಮೇಲೆ ಅತ್ತಿಗೆ ಫೋನು ಮಾಡಿದರು. ನನ್ನ ತಲೆ ಬಾಚಿ, ಜಡೆ ಹಾಕಿ ಮದುವೆಮಂಟಪಕ್ಕೆ ಕಳಿಸಿದ ಹೆಂಗಸು. 'ನಿಮ್ಮಣ್ಣಂಗೆ ಸೊಂಟದಿಂದ ಎಡಗಾಲಿಗೆ ಎಳೀತಾ ಐತೆ ಕಣವ್ವ. ಕೂರಕ್ಕಾಗ್ತಿಲ್ಲ. ಇಲ್ಲಿ ಡಾಕ್ಟ್ರತ್ರ ಹೋದ್ರೆ ಜನ ನಗ್ತಾರೆ ಅಂತಾರೆ. ಯಾರ್ಗೂ ಗೊತ್ತಾಗ್ದಂಗೆ ನಿನ್ ಸೂಜಿ ಡಾಕ್ಟ್ರಿಗೆ ತೋರ್ಸವ್ವ. ನಿನ್ ಕಾಲಿಗೆ ಬೀಳ್ತೀನಿ.'

'ಕಾಲಿಗೆಲ್ಲ ಯಾಕೆ ಬೀಳ್ತೀರಿ ಅತ್ತಿಗೆ, ಕಳ್ಸಿ' ಎಂದೆ. ಫೋನು ಇಟ್ಟ ಮೇಲೆ ಒಬ್ಬಳೇ ನಕ್ಕೆ.

ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಇಳಿದಾಗ ಒಂದು ಕಡೆಗೆ ವಾಲಿದ್ದ. ನನ್ನ ಮುಖ ನೋಡಲಿಲ್ಲ. ಕ್ಲಿನಿಕ್ಕಿನ ಮಂಚದ ಮೇಲೆ ಡಾಕ್ಟರಮ್ಮ ಅವನನ್ನು ಅಂಗಾತ ಮಲಗಿಸಿ, ಕಾಲನ್ನು ನೇರವಾಗಿ ಎತ್ತಿದಳು. ಅವನು ಹಲ್ಲು ಕಚ್ಚಿದ. 'ಹೆಬ್ಬೆರಳು ಮೇಲಕ್ಕೆತ್ತಿ. ನಾನು ಒತ್ತಿದರೂ ಬಿಡಬೇಡಿ' ಎಂದಳು. ಬಲಗಾಲಿನದು ಗಟ್ಟಿಯಾಗಿ ನಿಂತಿತು. ಎಡಗಾಲಿನದು ಅವಳ ಒಂದು ಬೆರಳಿಗೇ ಬಗ್ಗಿಹೋಯಿತು.

'ಚಳಿಗೆ ಮರಗಟ್ಟೈತೆ. ನೀವು ಸೂಜಿ ಹಾಕಿ' ಎಂದ ಅಣ್ಣ.

'ಇದು ಸೂಜಿಗೆ ಹೋಗೋದಲ್ಲ. ಸೊಂಟದಲ್ಲಿ ನರ ಒತ್ತಿಕೊಂಡ ಹಾಗಿದೆ. ಈ ವಾರದಲ್ಲೇ ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ. ತಡ ಮಾಡಿದರೆ ಪಾದದ ಶಕ್ತಿ ಹೋಗಬಹುದು.' ಚೀಟಿ ಬರೆದು ಅವನಿಗೆ ಕೊಟ್ಟು, ನನ್ನ ಕಡೆ ತಿರುಗಿ, 'ನೀವು ನಿಂತು ಕರ್ಕೊಂಡು ಹೋಗಬೇಕು' ಎಂದಳು. ನಾನು ತಲೆಯಾಡಿಸಿದೆ.

ಮೆಟ್ಟಿಲಿಳಿಯುತ್ತ ಅಣ್ಣ, 'ಒಂದ್ ಸೂಜೀನೂ ಹಾಕ್ನಿಲ್ಲ, ಇದೇನು ಡಾಕ್ಟ್ರೋ. ಹಾಸ್ನಕ್ಕೆ ಹೋಗ್ಲೇಬೇಕಾ? ನೀನೇನಂತೀಯೆ?' ಎಂದ. ಹುಟ್ಟಿದಾಗಿನಿಂದ ಅವನು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು. ನಾನು ಬಸ್ಸಿನ ಹೊತ್ತು ನೋಡಿಕೊಂಡು ಮುಂದೆ ನಡೆದೆ.

ಯಸಳೂರಿನ ಬಸ್ಸಿನ ಹತ್ತಿರ ಅವನ ಊರಿನ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಆ ಭಾನುವಾರ ಜಗುಲಿಯಲ್ಲಿದ್ದವರೇ. 'ಏನಣ್ಣೋ, ಪ್ಯಾಟೇಲಿ?' ಎಂದ ಒಬ್ಬ. ಅಣ್ಣ ಏನೋ ನೆಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಾನೇ ಹೇಳಿಬಿಟ್ಟೆ.

'ಸೊಂಟನೋವು ಅಂತ ಡಾಕ್ಟ್ರತ್ರ ಬಂದಿದ್ದ. ಸೂಜಿ ಹಾಕೋದೇನೂ ಇಲ್ಲ ಅಂತ ವಾಪಸ್ ಕಳ್ಸಿದ್ರು. ಸುಳ್ಳು ನೋವು ಕಣ್ರಪ್ಪ.'

ಅವರು ಬಿದ್ದು ಬಿದ್ದು ನಕ್ಕರು. ಅಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು. ಆಮೇಲೆ ಅವನೂ ನಕ್ಕ, ನಗಲೇಬೇಕಿತ್ತು. ನೆಟ್ಟಗೆ ನಿಂತು, ಏನೂ ಆಗಿಲ್ಲದವನ ಹಾಗೆ ಬಸ್ಸು ಹತ್ತಿದ. ಎಡಗಾಲು ಎತ್ತುವಾಗ ಬಾಗಿಲ ಕಂಬಿ ಹಿಡಿದ ಅವನ ಬೆರಳು ಬೆಳ್ಳಗಾದದ್ದನ್ನು ನಾನು ನೋಡಿದೆ. ಇನ್ನು ಅವನು ಹಾಸನಕ್ಕೆ ಹೋಗುವುದಿಲ್ಲ ಎಂದು ಆಗಲೇ ನನಗೆ ಗೊತ್ತಾಯಿತು. ಬಸ್ಸು ಹೋದ ಮೇಲೆ ಹೋಟೆಲಿಗೆ ನುಗ್ಗಿ ಒಂದು ಮಸಾಲೆದೋಸೆ, ಒಂದು ಕಾಫಿ ಹೇಳಿದೆ. ಅಷ್ಟು ರುಚಿಯಾದ ದೋಸೆಯನ್ನು ನಾನು ಮತ್ತೆ ತಿಂದಿಲ್ಲ.

ಸಾಯಂಕಾಲ ಅತ್ತಿಗೆಯ ಫೋನು. 'ಡಾಕ್ಟ್ರು ಏನಂದ್ರವ್ವ? ಇವ್ರು ಏನಿಲ್ಲ ಅಂತಾವ್ರೆ, ನಿಜ್ವಾ?'

'ಅಣ್ಣನೇ ಹೇಳ್ತಾವ್ನಲ್ಲ ಅತ್ತಿಗೆ' ಎಂದೆ.

ಇಷ್ಟೇ ನಾನು ಮಾಡಿದ್ದು. ಇಷ್ಟು ಸಾಕಾಯಿತು.

ಮೂರು ವಾರ ಕಳೆದ ಮೇಲೆ ಒಂದು ದಿನ ಅಣ್ಣ ತೋಟದಿಂದ ಮನೆಗೆ ಬಂದಾಗ ಎಡಗಾಲಲ್ಲಿ ಚಪ್ಪಲಿ ಇರಲಿಲ್ಲವಂತೆ. ಎಲ್ಲಿ ಬಿತ್ತೋ ಅವನಿಗೆ ಗೊತ್ತಿರಲಿಲ್ಲ. ಪಾದ ನೆಲಕ್ಕೆ ಜೋತುಬಿದ್ದು ಎಳೆಯುತ್ತಿತ್ತು. ಹಾಸನದಲ್ಲಿ ಆಪರೇಷನ್ ಆಯಿತು. ನೋವು ಹೋಯಿತು. ಪಾದ ಎತ್ತುವ ಶಕ್ತಿ ಪೂರ್ತಿ ಬರುತ್ತದೋ ಇಲ್ಲವೋ ಹೇಳಲಾಗದು, ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು ಎಂದರಂತೆ.

ಅವನು ಮನೆಗೆ ಬಂದ ಮೇಲೆ ಅತ್ತೆಯೂ ನಾನೂ ಬ್ರೆಡ್ಡು, ಕಿತ್ತಳೆ ಹಿಡಿದು ನೋಡಲು ಹೋದೆವು. ದಾರಿಯುದ್ದಕ್ಕೂ 'ತಪ್ಪಾಯ್ತು ಅಣ್ಣ' ಎನ್ನುವ ಮಾತನ್ನು ಬಾಯಲ್ಲೇ ಜೋಡಿಸಿಕೊಂಡಿದ್ದೆ. ಅವನು ಮಂಚದ ಮೇಲೆ ಕೂತಿದ್ದ. ಎಡಗಾಲಿಗೆ ಮೊಣಕಾಲಿನ ಕೆಳಗಿನಿಂದ, ಪಾದ ಜೋತುಬೀಳದ ಹಾಗೆ ಹಿಡಿಯುವ ಪ್ಲಾಸ್ಟಿಕ್ಕಿನ ಪಟ್ಟಿ. ಬಸ್ಸಿನ ಹತ್ತಿರ ನಾನಾಡಿದ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ ಎನ್ನುವುದು ಅತ್ತಿಗೆ ಓಡಿಬಂದು ನನ್ನ ಕೈ ಹಿಡಿದುಕೊಂಡ ರೀತಿಯಿಂದಲೇ ತಿಳಿಯಿತು.

ಅಣ್ಣ ನನ್ನನ್ನು ನೋಡದೆ ಅತ್ತೆಗೆ ಹೇಳಿದ. 'ಅವ್ಳ ನೋವು ಸುಳ್ಳಲ್ಲ ಕಣ್ರಮ್ಮ. ಅವತ್ತು ಎರಡ್ನೇ ಸಲ ಒದ್ದಾಗ್ಲೇ ಆ ಗಂಟು ನನ್ ಹಿಮ್ಮಡಿಗೆ ಸಿಕ್ಕಿತ್ತು. ಅಷ್ಟು ಜನ ಕೂತಿದ್ರು. ಹೋಗ್ನಿಲ್ಲ ಅಂತ ಒಪ್ಕಳಕ್ಕೆ ಆಗ್ನಿಲ್ಲ. ಅದ್ಕೇ ಹಂಗಂದ್ಬುಟ್ಟೆ.'

ಎರಡೂವರೆ ವರ್ಷ ಕಾದ ಮಾತು ಬಂದಿತ್ತು. ಅತ್ತೆಯ ಎದುರಿಗೇ ಬಂದಿತ್ತು. ಆದರೆ ಅದರ ಹಿಂದೆ ಇನ್ನೊಂದು ಬಂದಿತ್ತಲ್ಲ! ಇವನು ತಿಳಿಯದೆ ಅಂದದ್ದಲ್ಲ. ನೋವು ಕಾಲಿಗೆ ಸಿಕ್ಕಿದ ಮೇಲೂ ಸುಳ್ಳೆಂದು ನಕ್ಕವನು. ನಾನು ಜೋಡಿಸಿಕೊಂಡಿದ್ದ ಮಾತಿನ ಬದಲು ಬೇರೆಯದೇ ಹೊರಗೆ ಬಂತು.

'ನಿಂದೂ ಸುಳ್ಳಲ್ಲ ಅಂತ ನಂಗೂ ಗೊತ್ತಿತ್ತು ಕಣಣ್ಣ. ಬಸ್‌ಸ್ಟ್ಯಾಂಡಲ್ಲಿ ನಿಂತ್ಕಂಡು ಹಂಗಂದಾಗ. ಪಾದ ಹೋಗ್ಬುಡ್ತದೆ ಅಂತ ಡಾಕ್ಟ್ರು ಹೇಳಿದ್ನೂ ಕೇಳಿಸ್ಕಂಡಿದ್ದೆ.'

ಅಣ್ಣ ತಲೆ ತಗ್ಗಿಸಿದ. ಅವನಿಗದು ಹೊಸ ಸುದ್ದಿಯಲ್ಲ. ಅತ್ತಿಗೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ನೋಡಿದರು. 'ನಾನ್ ಫೋನ್ ಮಾಡಿ ಕೇಳಿದ್ನಲ್ಲವ್ವ' ಎಂದರು. ಅಷ್ಟೇ. ಲೋಟವನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದವರು ನಾವು ಹೊರಡುವಾಗಲೂ ಹೊರಗೆ ಬರಲಿಲ್ಲ.

ಈಗ ಅತ್ತೆ ನನಗೆ ಹುಲ್ಲು ಹೊರಲು ಬಿಡುವುದಿಲ್ಲ, ಗಂಡನೇ ತರುತ್ತಾನೆ. ಡೈರಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅತ್ತಿಗೆ ನನ್ನ ಫೋನು ತೆಗೆಯುವುದಿಲ್ಲ. ಹಬ್ಬಕ್ಕೆ ಅಣ್ಣನೇ ಕರೆಯುತ್ತಾನೆ, ನಾನು ಹೋಗುವುದಿಲ್ಲ. ತಪ್ಪಾಯ್ತು ಎನ್ನುವ ಮಾತು ಇನ್ನೂ ನನ್ನ ಹತ್ತಿರವೇ ಇದೆ. ಅತ್ತಿಗೆ ಒಂದು ಸಲ ಫೋನು ತೆಗೆದರೆ ಅವರಿಗೆ ಹೇಳುತ್ತೇನೆ. ಅಣ್ಣನಿಗೆ ಮಾತ್ರ ಹೇಳುವುದಿಲ್ಲ.